ಬೀದಿಗೆ ದಾರಿ ಬಿಟ್ಟ ಗೋಡೆ

(ಯುವಕರ ಓದುಬಳಗವೊಂದರ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ಮದ್ರಸದಲ್ಲಿ ಕಲಿಯುತ್ತಿದ್ದಾಗ ಕೈರೋ ಎಂಬುದು ನಮ್ಮ ಪಾಲಿಗೆ ಒಂದು ಊರೇ ಆಗಿರಲಿಲ್ಲ. ಅರಬಿ ಗ್ರಂಥಗಳ ಮೊದಲ ಪುಟದ ಅಡಿಯಲ್ಲಿ ಅಚ್ಚಾಗಿರುತ್ತಿದ್ದ ‘ಅಲ್ ಕಾಹಿರಾ’ ಎಂಬ ಹೆಸರು, ಅಷ್ಟೆ. ಅಲ್ಲಿ ಓಣಿಗಳಿವೆ, ಬಾಯಾರಿದ ಹಮಾಲರಿದ್ದಾರೆ, ನೆರೆಹೊರೆಯವರ ಜಗಳಗಳಿವೆ ಎಂದು ನಾವು ಯೋಚಿಸಿದವರಲ್ಲ. ಆ ನಗರದ ನಕ್ಷೆ ನಮ್ಮ ಕಣ್ಣಿಗೆ ಬಿದ್ದದ್ದು ಮುಂದೆ ಕಾಲೇಜಿನಲ್ಲಿ ಇತಿಹಾಸ ಓದುವಾಗ. ವಿಶ್ವದ ನಗರಗಳನ್ನು ಅವುಗಳ ವಾಸ್ತುಶಿಲ್ಪದ ಮೂಲಕ ಪರಿಚಯಿಸಬೇಕೆಂದು ನೀವು ಕೇಳಿದ್ದೀರಿ. ಹತ್ತು ನಗರಗಳ ಹೆಸರು ಹೇಳಿ ನಿಮ್ಮನ್ನು ದಣಿಸುವ ಬದಲು ಒಂದೇ ನಗರದ ಒಂದೇ ಬೀದಿಯಲ್ಲಿ ನಡೆಯೋಣ.

969ರಲ್ಲಿ ಫಾತಿಮಿಗಳು ಸ್ಥಾಪಿಸಿದ ಕೈರೋದ ನಡುಬೀದಿಗೆ ಇಂದು ಅಲ್ ಮುಯಿಝ್ ಬೀದಿಯೆಂದು ಹೆಸರು. ಉತ್ತರಕ್ಕೆ ಬಾಬುಲ್ ಫುತೂಹ್, ದಕ್ಷಿಣಕ್ಕೆ ಬಾಬ್ ಝುವೈಲಾ. ಈ ಎರಡು ಕಲ್ಲಿನ ಹೆಬ್ಬಾಗಿಲುಗಳು ಹನ್ನೊಂದನೆಯ ಶತಮಾನದ ಕೊನೆಯವು. ಉತ್ತರದ ಬಾಗಿಲಿನಿಂದ ಹೊರಟವರಿಗೆ ಎಡಗಡೆಯಲ್ಲಿ ಅಲ್ ಅಕ್ಮರ್ ಎಂಬ ಚಿಕ್ಕ ಮಸೀದಿ ಸಿಗುತ್ತದೆ. 1125ರಲ್ಲಿ ಕಟ್ಟಿದ್ದು. ಅದರ ಮುಂಭಾಗದ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ. ನಾವು ನಿಮ್ಮ ಗಮನ ಸೆಳೆಯಬಯಸುವುದು ಬೇರೊಂದು ಸಂಗತಿಯೆಡೆಗೆ.

ನಮಾಝಿನ ಸಾಲು ಕಿಬ್ಲಾದ ಕಡೆಗಿರಬೇಕು. ಆದರೆ ಬೀದಿ ಕಿಬ್ಲಾವನ್ನು ಕೇಳಿ ಹಾಸಿದ್ದಲ್ಲ, ಅದು ಓರೆಯಾಗಿದೆ. ಮಸೀದಿಯನ್ನು ನೇರವಾಗಿ ಕಟ್ಟಿದ್ದರೆ ಅದರ ಮೂಲೆಯೊಂದು ಬೀದಿಗೆ ಚಾಚುತ್ತಿತ್ತು. ಶಿಲ್ಪಿ ಒಳಾಂಗಣವನ್ನು ಕಿಬ್ಲಾಕ್ಕೆ ಹೊಂದಿಸಿದ, ಹೊರಗೋಡೆಯನ್ನು ಬೀದಿಗೆ ಹೊಂದಿಸಿದ. ನಡುವೆ ಉಳಿದ ಮುಕ್ಕೋನದ ಜಾಗವನ್ನು ಒಂದು ಕಡೆ ಸಪೂರವಾಗಿ, ಇನ್ನೊಂದು ಕಡೆ ದಪ್ಪವಾಗಿ ತುಂಬಿದ. ಕೈರೋದಲ್ಲಿ ಹೀಗೆ ಕಟ್ಟಿದ ಮೊದಲ ಮಸೀದಿ ಇದು. ಅನಂತರದ ಶಿಲ್ಪಿಗಳು ಅದೇ ಬಗೆಯನ್ನು ಮತ್ತೆ ಮತ್ತೆ ಅನುಸರಿಸಿದರು. ನಡೆಯುವವನ ದಾರಿಯನ್ನು ಒತ್ತದೆಯೂ ಅಲ್ಲಾಹನ ಮನೆ ಕಟ್ಟಬಹುದೆಂಬುದನ್ನು ಆ ಗೋಡೆ ಒಂಬತ್ತು ಶತಮಾನಗಳಿಂದ ಹೇಳುತ್ತಿದೆ. (ನಮ್ಮ ಪಟ್ಟಣಗಳಲ್ಲಿ ಮಸೀದಿ ವಿಸ್ತರಿಸುವಾಗ ಮಿನಾರದ ಎತ್ತರದ ಬಗ್ಗೆ ಎಷ್ಟು ಸಭೆಗಳು ನಡೆಯುತ್ತವೆ! ವುಝೂವಿನ ನೀರು ಯಾರ ಮನೆಯ ಮುಂದೆ ಹರಿಯುತ್ತದೆಂದು ವಿಚಾರಿಸಲು ಒಂದು ಸಭೆಯಾದರೂ ನಡೆದುದನ್ನು ನಾವು ಕಂಡಿಲ್ಲ.)

ಇನ್ನೂ ದಕ್ಷಿಣಕ್ಕೆ ನಡೆದರೆ ಸುಲ್ತಾನ್ ಕಲಾವೂನನ ಕಟ್ಟಡಗಳ ಸಮೂಹ. 1284-85ರಲ್ಲಿ ಒಂದೇ ಹೊಸ್ತಿಲಿನ ಒಳಗೆ ಮದ್ರಸ, ಗೋರಿ ಮತ್ತು ಬೀಮಾರಿಸ್ತಾನ್ ಅಂದರೆ ಆಸ್ಪತ್ರೆ ನಿರ್ಮಾಣಗೊಂಡವು. ದಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದಾಗ ಅಲ್ಲಿ ನೂರುದ್ದೀನ್ ಕಟ್ಟಿಸಿದ್ದ ಆಸ್ಪತ್ರೆಯ ಔಷಧಿಯಿಂದ ಗುಣಮುಖನಾದ ಕಲಾವೂನ್, ತಾನೂ ಅಂಥದೊಂದನ್ನು ಕಟ್ಟಿಸುವ ಹರಕೆ ಹೊತ್ತಿದ್ದನಂತೆ. ಜ್ವರಕ್ಕೆ, ಕಣ್ಣಿಗೆ, ಶಸ್ತ್ರಚಿಕಿತ್ಸೆಗೆ ಬೇರೆ ಬೇರೆ ವಿಭಾಗಗಳು. ಸ್ತ್ರೀ ಪುರುಷರಿಗೆ ಪ್ರತ್ಯೇಕ ಏರ್ಪಾಡು. ಬಡವ ಬಲ್ಲಿದ ಭೇದವಿಲ್ಲದೆ ಚಿಕಿತ್ಸೆ. ವಕ್ಫ್ ಆಸ್ತಿಗಳ ಉತ್ಪನ್ನದಿಂದ ಅದರ ಖರ್ಚು ಸಾಗುತ್ತಿತ್ತು. ಆಧುನಿಕ ಕಾಲದಲ್ಲಿ ಅದೇ ಆವರಣದಲ್ಲಿ ಕಣ್ಣಿನ ಆಸ್ಪತ್ರೆಯೊಂದು ತಲೆಯೆತ್ತಿತು.

ಇಲ್ಲಿಗೆ ನಿಲ್ಲಿಸಿದರೆ ನಾವೆಲ್ಲ ಹೆಮ್ಮೆಪಟ್ಟು ಮನೆಗೆ ಹೋಗಬಹುದು. ವೇದಿಕೆಗಳಲ್ಲಿ ನಡೆಯುವುದೂ ಅದೇ. ಆದರೆ ಇತಿಹಾಸಕಾರ ಮಖ್ರೀಝಿ ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ನಿವೇಶನದಲ್ಲಿ ವಾಸವಿದ್ದವರನ್ನು ತೆರವುಗೊಳಿಸಲಾಗಿತ್ತು. ಕಾಮಗಾರಿಯ ಉಸ್ತುವಾರಿ ಹೊತ್ತಿದ್ದ ಅಮೀರ್ ಸಂಜರ್, ದಾರಿಹೋಕರನ್ನು ತಡೆದು, ಕುದುರೆಯ ಮೇಲಿದ್ದವರನ್ನೂ ಇಳಿಸಿ ಕಲ್ಲು ಹೊರಿಸಿದನೆಂದು ವರದಿಯಿದೆ. ಕಟ್ಟಡ ಪೂರ್ಣಗೊಂಡಾಗ ಅಲ್ಲಿ ನಮಾಝ್ ನಿರ್ವಹಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಸರಿಯಲ್ಲವೆಂದು ಹೇಳಿದ ಉಲಮಾಗಳಿದ್ದರು. ಗುಂಬಜದ ಅಂದಕ್ಕೆ ಮರುಳಾಗದೆ ಬೆವರಿನ ಲೆಕ್ಕ ಕೇಳಿದ ಆ ವಿದ್ವಾಂಸರು ನಮ್ಮ ದೃಷ್ಟಿಯಲ್ಲಿ ಆ ಗುಂಬಜದಷ್ಟೇ ದೊಡ್ಡ ಪರಂಪರೆ.

ಪಕ್ಕದಲ್ಲೇ ಕಲಾವೂನನ ಮಗ ಅನ್ನಾಸಿರ್ ಮುಹಮ್ಮದನ ಮದ್ರಸವಿದೆ. ಅದರ ಬಾಗಿಲಿನ ಅಮೃತಶಿಲೆಯ ಚೌಕಟ್ಟು ಅಲ್ಲಿಯದಲ್ಲ, 1291ರಲ್ಲಿ ಅಕ್ಕಾ ನಗರ ವಶವಾದಾಗ ಅಲ್ಲಿನ ಚರ್ಚೊಂದರಿಂದ ಕಿತ್ತು ತಂದದ್ದು. ಇದೂ ಇತಿಹಾಸವೇ. ಇನ್ನೊಬ್ಬರು ನಮ್ಮ ಆರಾಧನಾಲಯದ ಕಲ್ಲು ಕಿತ್ತಾಗ ನೋಯುವ ನಾವು ಆ ಬಾಗಿಲಿನ ಮುಂದೆಯೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಬೀದಿ ಕವಲೊಡೆಯುವಲ್ಲಿ 1744ರಲ್ಲಿ ಅಬ್ದುರ್ರಹ್ಮಾನ್ ಕತ್ಖುದಾ ಕಟ್ಟಿಸಿದ ಸಬೀಲ್ ಇದೆ. ಕೆಳಗೆ ನೀರು, ಮೇಲೆ ಮಕ್ಕಳ ಪಾಠಶಾಲೆ. ನೆಲದಡಿಯ ತೊಟ್ಟಿಗೆ ನೈಲ್ ನದಿಯ ನೀರನ್ನು ಹೊತ್ತು ತಂದು ತುಂಬುತ್ತಿದ್ದರು. ಮೂರು ದಿಕ್ಕಿಗೂ ಕಿಟಕಿಗಳಿದ್ದು, ದಾರಿಹೋಕರು ಜಾಲರಿಯ ಬಳಿ ನಿಂತು ನೀರು ಕುಡಿಯುತ್ತಿದ್ದರು. ಮೇಲಂತಸ್ತಿನ ತೆರೆದ ಜಗಲಿಯಲ್ಲಿ ಮಕ್ಕಳು ಕುರ್‌ಆನ್ ಕಲಿಯುತ್ತಿದ್ದರು. ಕೈರೋದಲ್ಲಿ ಇಂಥ ಸಬೀಲ್‌ಗಳು ಹಲವಾರಿದ್ದವು. ಶಿಕ್ಷಕನ ಸಂಬಳ, ಅನಾಥ ಮಕ್ಕಳ ಉಡುಪು ಮುಂತಾದವನ್ನೂ ವಕ್ಫ್ ಪತ್ರಗಳಲ್ಲಿ ಬರೆದಿಡುತ್ತಿದ್ದರು. ಇಂದು ಕಲ್ಲು ಉಳಿದಿದೆ, ನೀರಿಲ್ಲ. ನಲ್ಲಿ ಬಂದ ಮೇಲೆ ಸಬೀಲ್‌ನ ಅಗತ್ಯ ಕಡಿಮೆಯಾಯಿತೆಂಬುದು ನಿಜ. ಆದರೆ ಮಕ್ಕಳ ಪಾಠದ ಅಗತ್ಯ ಕಡಿಮೆಯಾಗಿರಲಿಲ್ಲವಲ್ಲ?

1979ರಲ್ಲಿ ಈ ಹಳೆಯ ನಗರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರಿಗಾಗಿ ಬೀದಿಯನ್ನು ತೊಳೆದು ದೀಪ ಹಚ್ಚಿದರು. ಅದೇ ಸರಕಾರ 2020ರ ನಂತರ ರಸ್ತೆ, ಮೇಲ್ಸೇತುವೆಗಳಿಗಾಗಿ ಕೈರೋದ ಚಾರಿತ್ರಿಕ ದಫನ ಭೂಮಿಗಳಲ್ಲಿ ಗೋರಿಗಳನ್ನು ಕೆಡವಿದೆ. ಪೂರ್ವದ ಮರುಭೂಮಿಯಲ್ಲಿ ಹೊಸ ರಾಜಧಾನಿ ಎದ್ದಿದೆ, ಅಲ್ಲಿ 2019ರಲ್ಲಿ ಬೃಹತ್ ಮಸೀದಿಯೊಂದು ಉದ್ಘಾಟನೆಗೊಂಡಿದೆ. ಸಾವಿರಾರು ಜನ ಒಟ್ಟಿಗೆ ನಮಾಝ್ ಮಾಡಬಹುದು. ಆದರೆ ಅಲ್ಲಿಗೆ ನಡೆದು ಬರುವ ನೆರೆಯವರು ಯಾರು ಎಂಬುದೇ ನಮ್ಮ ಅನುಮಾನ.

ಕೊನೆಯದಾಗಿ ನಮ್ಮ ಬೀದರ್. ಗೀಲಾನಿನಿಂದ ಬಂದ ಮಹಮೂದ್ ಗವಾನ್, ಬೀದರಿಗೆ ಬರುವ ಮೊದಲು ಕೈರೋದಲ್ಲಿ ಹದೀಸ್ ವಿದ್ವಾಂಸ ಇಬ್ನ್ ಹಜರ್ ಅವರನ್ನು ಕಂಡಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. 1472ರಲ್ಲಿ ಅವರು ಕಟ್ಟಿಸಿದ ಮದ್ರಸದಲ್ಲಿ ಗ್ರಂಥಾಲಯವಿತ್ತು, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಗಾಳಿ ಬೆಳಕಿನ ಕೋಣೆಗಳಿದ್ದವು. 1696ರ ಮದ್ದಿನ ಸ್ಫೋಟದಲ್ಲಿ ಒಂದು ಪಾರ್ಶ್ವ ಕುಸಿಯಿತು. ಎರಡರಲ್ಲಿ ಒಂದು ಮಿನಾರ ಉಳಿದಿದೆ, ಮೈಮೇಲೆ ನೀಲಿ ಹೆಂಚಿನ ಚೂರುಗಳು. ಈ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವುದಾದರೆ, ಮಿನಾರದ ಕೆಳಗೆ ಚಿತ್ರ ತೆಗೆದಾದ ಮೇಲೆ ಹಿಂದಿನ ಅಂಗಳಕ್ಕೂ ಹೋಗಿ. ವಿದ್ಯಾರ್ಥಿಗಳ ಕೋಣೆಗಳ ಕಿಟಕಿಗಳನ್ನು ಎಣಿಸಿ ಬರುವಂತೆ ಅವರಿಗೆ ಹೇಳಿ. ಮರಳಿದ ಮೇಲೆ ನಮ್ಮೂರ ಮದ್ರಸದ ಕಿಟಕಿಗಳನ್ನೂ ಅವರೇ ಎಣಿಸಲಿ.