ಪತ್ರಿಕೆಯೂ ಮನೆಯೂ: ಜಿ. ಸುಬ್ರಹ್ಮಣ್ಯ ಅಯ್ಯರ್
(ಚೆನ್ನೈಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ಊರಿನಲ್ಲಿ ನೆಲೆಸಿರುವ ನಮ್ಮವರಿಗೆ ಮಿಂಟ್ ಸ್ಟ್ರೀಟ್ ಹೊಸದಲ್ಲ. ಜಿನಮಂದಿರದ ದರ್ಶನಕ್ಕೋ, ಮದುವೆಯ ಜವಳಿಗೋ, ಪೂಜೆಯ ಬೆಳ್ಳಿ ಸಾಮಾನಿಗೋ ಆ ಇಕ್ಕಟ್ಟಿನ ಬೀದಿಯಲ್ಲಿ ನಡೆದೇ ಇರುತ್ತೇವೆ. ಅದೇ ಬೀದಿಯ ಶ್ರೀನಿಧಿ ಮುದ್ರಣಾಲಯದಲ್ಲಿ 1878ರ ಸೆಪ್ಟೆಂಬರ್ 20ರಂದು ಒಂದು ಇಂಗ್ಲಿಷ್ ವಾರಪತ್ರಿಕೆಯ 80 ಪ್ರತಿಗಳು ಅಚ್ಚಾದವು. ಖರ್ಚಿಗೆ ಸಾಲ ತಂದ ಹಣ ಒಂದೂಮುಕ್ಕಾಲು ರೂಪಾಯಿ. ಆ ಪತ್ರಿಕೆಯೇ ‘ದಿ ಹಿಂದೂ’.

ಹೊರಡಿಸಿದವರು ಆರು ಮಂದಿ ತರುಣರು. ನಾಲ್ವರು ಕಾನೂನು ವಿದ್ಯಾರ್ಥಿಗಳು, ಇಬ್ಬರು ಉಪಾಧ್ಯಾಯರು. ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನು ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ಆಂಗ್ಲರ ಒಡೆತನದ ಪತ್ರಿಕೆಗಳು ಹೀಗಳೆದು ಬರೆದವು. ಉತ್ತರ ಹೇಳಲು ನಮ್ಮವರ ಕೈಯಲ್ಲಿ ಪತ್ರಿಕೆಯಿರಲಿಲ್ಲ. ವಿದ್ಯಾರ್ಥಿಗಳು ವಕೀಲಿ ವೃತ್ತಿಗೆ ಹೋದ ಮೇಲೆ ಉಳಿದವರು ಉಪಾಧ್ಯಾಯರಿಬ್ಬರೇ: ಸಂಪಾದಕರಾಗಿ ತಿರುವೈಯಾರಿನ ಸುಬ್ರಹ್ಮಣ್ಯ ಅಯ್ಯರ್, ವ್ಯವಹಾರ ನೋಡಿಕೊಳ್ಳಲು ಎಂ. ವೀರರಾಘವಾಚಾರ್ಯರು.

ಕೋಪದಿಂದ ಲೇಖನ ಬರೆಯುವುದು ಸುಲಭ, ಪತ್ರಿಕೆ ನಡೆಸುವುದು ಬೇರೆ ವಿದ್ಯೆ. ಕಾಗದದವನಿಗೆ, ಅಚ್ಚಿನ ಮೊಳೆ ಜೋಡಿಸುವವನಿಗೆ, ಅಂಚೆಗೆ ದುಡ್ಡು ಬೇಕು. ಚಂದಾದಾರ ಬಾಕಿ ಉಳಿಸಿಕೊಂಡರೂ ಅವನನ್ನು ಗದರಿಸುವಂತಿಲ್ಲ. (ನಮ್ಮ ಸಮಾಜದ ಪತ್ರಿಕೆಗಳನ್ನು ನಡೆಸಿದ ಹಿರಿಯರು ಈ ಸಭೆಯಲ್ಲಿದ್ದರೆ ಈಗ ನಗುತ್ತಿರಬಹುದು.) ಆದರೂ 1883ರಲ್ಲಿ ಪತ್ರಿಕೆ ವಾರಕ್ಕೆ ಮೂರು ಬಾರಿ ಹೊರಡತೊಡಗಿತು, ಆ ವರ್ಷದ ಡಿಸೆಂಬರಿನಲ್ಲಿ ಮೌಂಟ್ ರೋಡಿನ 100ನೆಯ ನಂಬರಿನ ಮನೆಗೆ ಬಂದು ಸ್ವಂತ ಮುದ್ರಣಾಲಯ ಹೂಡಿತು, 1889ರ ಏಪ್ರಿಲ್ 1ರಿಂದ ದಿನಪತ್ರಿಕೆಯಾಯಿತು. ಇದರ ನಡುವೆ, 1885ರಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದಲ್ಲಿ ಮೊದಲ ನಿರ್ಣಯವನ್ನು ಮಂಡಿಸಿದವರೂ ಈ ಅಯ್ಯರರೇ.

ಇಷ್ಟು ಮಾತ್ರವಾಗಿದ್ದರೆ ಇಂದು ಈ ವಿಷಯವನ್ನು ನಾನು ಆರಿಸಿಕೊಳ್ಳುತ್ತಿರಲಿಲ್ಲ. ಬಾಲ್ಯವಿವಾಹವನ್ನೂ ವಿಧವೆಯರ ದುಃಸ್ಥಿತಿಯನ್ನೂ ಖಂಡಿಸಿ ಅವರು ಬರೆಯುತ್ತಿದ್ದರು. ಅಷ್ಟರಲ್ಲಿ ಅವರ ಸ್ವಂತ ಮಗಳು ಶಿವಪ್ರಿಯಮ್ಮಾಳ್ ಬಾಲ್ಯದಲ್ಲಿಯೇ ವಿಧವೆಯಾದಳು. ಪತ್ರಿಕೆಯಲ್ಲಿ ಬರೆದದ್ದು ಈಗ ಮನೆಯ ಹೊಸ್ತಿಲಿಗೆ ಬಂದು ನಿಂತಿತು. 1889ರಲ್ಲಿ ಮುಂಬಯಿಯಲ್ಲಿ ಅವಳಿಗೆ ಮರುವಿವಾಹ ಮಾಡಿಸಿದರು. ಜಾತಿಯವರು ಅವರನ್ನು ದೂರವಿಟ್ಟರು. ತಂದೆಯ ಧೈರ್ಯವನ್ನು ನಾವು ಹೊಗಳುತ್ತೇವೆ, ಸರಿಯೇ. ಆದರೆ ಆ ಹಸೆಯ ಮೇಲೆ ಕುಳಿತು ಊರಿನ ಮಾತನ್ನೆಲ್ಲ ಹೊತ್ತವಳು ಆ ಹುಡುಗಿ ಎಂಬುದನ್ನು ಮರೆಯಬಾರದು. ನಮ್ಮ ಕುಟುಂಬಗಳಲ್ಲಿ ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳನ್ನು ಇಂದಿಗೂ ಶುಭಕಾರ್ಯದ ದಿನ ಒಳಕೋಣೆಯಲ್ಲಿ ಕೂರಿಸುವವರಿದ್ದಾರೆ. ವೇದಿಕೆಯ ಮೇಲೆ ಸುಧಾರಣೆಯ ಭಾಷಣ ಮಾಡಿದವರ ಮನೆಯಲ್ಲಿಯೂ ಇದನ್ನು ಕಂಡಿದ್ದೇನೆ.

ಓದುಗರಲ್ಲಿ ಬಹುಮಂದಿ ಸಂಪ್ರದಾಯಸ್ಥರು. ಸರ್ಕಾರವನ್ನು ಬೈದರೆ ಮೆಚ್ಚುತ್ತಿದ್ದವರು ತಮ್ಮ ಆಚಾರವನ್ನು ಪ್ರಶ್ನಿಸಿದಾಗ ಮುಖ ತಿರುಗಿಸಿದರು. ಚಂದಾ ಇಳಿಯಿತು, ಮೊಕದ್ದಮೆಗಳ ಹೊರೆಯೂ ಬಿತ್ತು. ಪಾಲುದಾರರ ನಡುವೆ ಬಿರುಕು ಮೂಡಿ, 1898ರಲ್ಲಿ ಅಯ್ಯರ್ ಅವರು ತಾವೇ ಹುಟ್ಟಿಸಿದ ಪತ್ರಿಕೆಯನ್ನು ಬಿಟ್ಟು ಹೊರಬಂದರು.

ವೀರರಾಘವಾಚಾರ್ಯರನ್ನು ಖಳನನ್ನಾಗಿ ಚಿತ್ರಿಸುವುದು ನನಗೆ ಒಪ್ಪಿಗೆಯಿಲ್ಲ. ತಿಂಗಳ ಕೊನೆಯಲ್ಲಿ ಕೆಲಸಗಾರರಿಗೆ ಸಂಬಳ ಕೊಡಬೇಕಾದವನ ಚಿಂತೆಯನ್ನು ಆದರ್ಶವಾದಿಗಳು ಹಗುರವಾಗಿ ಕಾಣುತ್ತಾರೆ. ಪತ್ರಿಕೆ ಮುಚ್ಚಿಹೋದರೆ ಸುಧಾರಣೆಯ ಲೇಖನಕ್ಕೂ ಸ್ಥಳವಿರುವುದಿಲ್ಲ. ಅವರೂ ಹೆಚ್ಚು ಕಾಲ ತಡೆಯಲಾರದೆ 1905ರಲ್ಲಿ ಅದನ್ನು 75,000 ರೂಪಾಯಿಗೆ ಕಸ್ತೂರಿ ರಂಗ ಅಯ್ಯಂಗಾರರಿಗೆ ಮಾರಿದರು.

ಅಯ್ಯರ್ ಅವರ ಕೈಯಲ್ಲಿ ಇನ್ನೊಂದು ಪತ್ರಿಕೆಯಿತ್ತು: 1882ರಲ್ಲಿ ಆರಂಭಿಸಿದ ತಮಿಳು ವಾರಪತ್ರಿಕೆ ‘ಸ್ವದೇಶಮಿತ್ರನ್’. ಇಂಗ್ಲಿಷ್ ಬಲ್ಲ ಕೆಲವರೊಡನೆ ಮಾತಾಡಿದರೆ ದೇಶದೊಡನೆ ಮಾತಾಡಿದಂತಾಗದು ಎಂಬ ಅರಿವು ಅವರಿಗೆ ಮೊದಲೇ ಇತ್ತು. ಹೊರಬಂದ ಮರುವರ್ಷವೇ, 1899ರಲ್ಲಿ, ಅದನ್ನು ದಿನಪತ್ರಿಕೆ ಮಾಡಿದರು. ಆಡಳಿತ, ತೆರಿಗೆ, ಬಜೆಟ್ಟುಗಳ ಚರ್ಚೆಗೆ ಒಗ್ಗುವ ತಮಿಳು ಆಗ ಸಿದ್ಧವಾಗಿರಲಿಲ್ಲ. ದಿನದಿನವೂ ಬರೆಯುತ್ತಲೇ ಅದನ್ನು ಕಟ್ಟಬೇಕಿತ್ತು. 1897ರಲ್ಲಿ ಲಂಡನ್ನಿಗೆ ಹೋಗಿ ವೆಲ್ಬಿ ಆಯೋಗದ ಮುಂದೆ ಭಾರತದ ಖರ್ಚುವೆಚ್ಚದ ಬಗೆಗೆ ಸಾಕ್ಷ್ಯ ನುಡಿದು ಬಂದವರು ಅದೇ ವಿಷಯವನ್ನು ಹಳ್ಳಿಯ ಓದುಗನಿಗೆ ತಿಳಿಯುವಂತೆ ಬರೆಯಬೇಕಾಯಿತು. 1904ರಲ್ಲಿ ಮಧುರೆಯಿಂದ ಒಬ್ಬ ತರುಣನನ್ನು ಕರೆತಂದು ಉಪಸಂಪಾದಕನನ್ನಾಗಿ ಮಾಡಿಕೊಂಡರು. ಅವರೇ ಸುಬ್ರಹ್ಮಣ್ಯ ಭಾರತಿ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಪುರುಸೊತ್ತಿಲ್ಲವೆನ್ನುವ ನಾವು, ಊರಿನ ಹೊರಗಿರುವವರು, ಈ ಭಾಗವನ್ನು ಎರಡು ಬಾರಿ ಓದಬೇಕು.

1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರ ಬಂಧನವಾಯಿತು. ದೇಹ ಆಗಲೇ ರೋಗದಿಂದ ಜರ್ಝರಿತವಾಗಿತ್ತು. ಮುಚ್ಚಳಿಕೆ ಬರೆದುಕೊಟ್ಟು ಬಿಡುಗಡೆ ಪಡೆದರು. ಇದನ್ನು ಮುಚ್ಚಿಟ್ಟು ಹೊಗಳುವವರಿದ್ದಾರೆ, ಇದನ್ನೇ ಎತ್ತಿ ಆಡುವವರೂ ಇದ್ದಾರೆ. ಮೂವತ್ತು ವರ್ಷ ಪ್ರತಿದಿನ ಬರೆದವನನ್ನು ಒಂದು ಕಾಗದದಿಂದ ಅಳೆಯಲು ನನಗೆ ಮನಸ್ಸಾಗದು. 1915ರಲ್ಲಿ ‘ಸ್ವದೇಶಮಿತ್ರನ್’ ಎ. ರಂಗಸ್ವಾಮಿ ಅಯ್ಯಂಗಾರರ ಕೈಸೇರಿತು. ಮರುವರ್ಷ ಏಪ್ರಿಲ್ 18ರಂದು, ಅರವತ್ತೊಂದನೆಯ ವಯಸ್ಸಿನಲ್ಲಿ, ಅಯ್ಯರ್ ತೀರಿಕೊಂಡರು.