ಕಂಡದ್ದು ಯಾವುದು, ಕಲ್ಪಿಸಿದ್ದು ಯಾವುದು?



ಬಯಲಾಟದಲ್ಲಿ ಕೀಚಕನ ವಧೆಯಾಗುತ್ತದೆ. ನೋಡುವವರ ಎದೆ ನಡುಗುತ್ತದೆ. ಆದರೆ ಯಾರೂ ಪೊಲೀಸರನ್ನು ಕರೆಯಲು ಓಡುವುದಿಲ್ಲ. ಬೆಳಗಾದರೆ ಆ ವೇಷಧಾರಿ ನಮ್ಮೊಡನೆಯೇ ಹೊಲಕ್ಕೆ ಬರುತ್ತಾನೆಂದು ಎಲ್ಲರೂ ಬಲ್ಲೆವು. ಅಲ್ಲಿ ರಂಗವಿದೆ, ಬಣ್ಣವಿದೆ, ಭಾಗವತನಿದ್ದಾನೆ. ಆಟವೆಂಬುದಕ್ಕೆ ಹೊರಗೆ ಗುರುತುಗಳುಂಟು. ಮನಸ್ಸು ತನ್ನೊಳಗೆ ಹೂಡುವ ಆಟಕ್ಕೆ ಅಂಥ ಗುರುತು ಎಲ್ಲಿದೆ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪರ್ಕಿ ಎಂಬ ವಿದುಷಿ 1910ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಗಾಜಿನ ಪರದೆಯನ್ನು ದಿಟ್ಟಿಸುತ್ತ ಬಾಳೆಹಣ್ಣನ್ನು ಕಲ್ಪಿಸಿಕೊಳ್ಳಿರೆಂದು ಜನರಿಗೆ ಹೇಳಿ, ಅವರಿಗೆ ತಿಳಿಯದಂತೆ ಹಿಂದಿನಿಂದ ಅದರ ಮಸುಕಾದ ಚಿತ್ರವನ್ನು ಮೂಡಿಸಿದರು. ಎದುರಿಗಿದ್ದ ಚಿತ್ರವನ್ನೇ ಅವರು ತಮ್ಮ ಕಲ್ಪನೆಯೆಂದುಕೊಂಡರು!

ಇದರ ಒಳಗುಟ್ಟನ್ನು 2023ರಲ್ಲಿ ಲಂಡನ್ನಿನ ವಿದ್ವಾಂಸರು ಶೋಧಿಸಿದರು. ಕಣ್ಣಿನಿಂದ ಬಂದುದೂ ಕಲ್ಪನೆಯಿಂದ ಬಂದುದೂ ಒಳಗೆ ಬೆರೆಯುತ್ತವೆ. ಬೆರೆತುದರ ಬಲ ಒಂದು ಮಟ್ಟವನ್ನು ದಾಟಿದರೆ ಮನಸ್ಸು ಅದನ್ನು ನಿಜವೆನ್ನುತ್ತದೆ. ಹಾಗಾದರೆ ಕಲ್ಪನೆಗೇ ಬಲ ಬಂದರೆ ಗತಿಯೇನು?

ನೆನಪಿನ ವಿಷಯದಲ್ಲಿಯೂ ಹೀಗೆಯೇ. 1995ರಲ್ಲಿ ಲಾಫ್ಟಸ್ ಮತ್ತು ಪಿಕ್ರೆಲ್ ಎಂಬವರು ತಮ್ಮ ಪರೀಕ್ಷೆಯೊಂದನ್ನು ಪ್ರಕಟಿಸಿದರು. 24 ಜನರಿಗೆ ಅವರವರ ಬಾಲ್ಯದ ನಾಲ್ಕು ಸಂಗತಿಗಳನ್ನು ತಿಳಿಸಲಾಯಿತು. ಮೂರು ಮನೆಯವರು ಹೇಳಿದ ನಿಜಸಂಗತಿಗಳು. ಅಂಗಡಿಗಳ ನಡುವೆ ತಪ್ಪಿಸಿಕೊಂಡದ್ದು ಮಾತ್ರ ಕಟ್ಟುಕಥೆ. ಆದರೂ 6 ಜನರು ಅದು ಪೂರ್ಣವಾಗಿಯೋ ಅಲ್ಪಸ್ವಲ್ಪವೋ ನೆನಪಿದೆ ಎಂದರು. ಅವರು ಸುಳ್ಳುಗಾರರೇ? ಅಲ್ಲ. ಕೇಳಿದ್ದು ಅವರೊಳಗೆ ನೆನಪಾಗಿ ಬೆಳೆದಿತ್ತು.

ಈಗ ನಮ್ಮ ಊರುಕೇರಿಗಳನ್ನು ನೋಡಿಕೊಳ್ಳೋಣ. ನೆರೆಮನೆಯ ಸೊಸೆಯ ಮೇಲೆ ಯಾರೋ ಒಂದು ಮಾತು ಹುಟ್ಟಿಸುತ್ತಾರೆ. ನಾಲ್ಕು ದಿನ ಅದು ಕಟ್ಟೆಯ ಮೇಲೆ ಓಡಾಡುತ್ತದೆ. ಐದನೆಯ ದಿನ ಒಬ್ಬನು "ನಾನೇ ಕಣ್ಣಾರೆ ಕಂಡೆ" ಎನ್ನುತ್ತಾನೆ. ಬೇಕೆಂದೇ ಸುಳ್ಳಾಡಿರಲಿಕ್ಕಿಲ್ಲ. ಕೇಳಿ ಕೇಳಿ, ಮನದಲ್ಲಿ ಚಿತ್ರ ಬರೆದು ಬರೆದು ಕಂಡಂತೆಯೇ ಆಗಿರಬಹುದು. ಆದರೆ ಆ ಹೆಣ್ಣುಮಗಳ ಬಾಳು ಹಾಳಾಯಿತಲ್ಲ!

ಆದುದರಿಂದ ಸಾಕ್ಷಿ ನುಡಿಯುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಎಲ್ಲಿ ನಿಂತು ಕಂಡೆ? ಯಾವ ಹೊತ್ತು? ಜೊತೆಗೆ ಯಾರಿದ್ದರು? ಮೊದಲೇ ಯಾರಾದರೂ ಹೇಳಿದ್ದರೇ? ನಿಜವಾಗಿ ಕಂಡದ್ದಕ್ಕೆ ಸ್ಥಳ, ಬಣ್ಣ, ಸದ್ದುಗಳ ವಿವರ ಸಾಮಾನ್ಯವಾಗಿ ಹೆಚ್ಚು. ಅದೂ ಸಾಲದು; ಮನಸ್ಸು ವಿವರಗಳನ್ನೂ ಹೆಣೆಯಬಲ್ಲದು. ಹೊರಗಿನ ಆಧಾರವನ್ನೂ ಹುಡುಕಬೇಕು. ಆಧಾರ ಸಿಗದಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಧರ್ಮ.

ಕಂಡದ್ದನ್ನು ಕಂಡೆನೆನ್ನಿರಿ, ಕೇಳಿದ್ದನ್ನು ಕೇಳಿದೆನೆನ್ನಿರಿ. ಇಷ್ಟು ಮಾಡಿದರೆ ಎಷ್ಟೋ ಮನೆಗಳು ಉಳಿದಾವು.