ಮೃತ್ಯುಪತ್ರವೂ ಗೃಹಸ್ಥಧರ್ಮವೂ



ವಾರ್ಷಿಕೋತ್ಸವದ ಮಂಗಳ ಸಂದರ್ಭದಲ್ಲಿ ಮೃತ್ಯುಪತ್ರದ ಮಾತನ್ನೆತ್ತುವುದು ಅಪಶಕುನವೆಂದು ಕೆಲವರಿಗೆ ತೋರಬಹುದು. ಆದರೆ ವಾಸ್ಕೋದ ಕನ್ನಡಿಗರಾದ ನಮ್ಮದು ಎರಡು ನೆಲೆಗಳ ಬಾಳು. ದುಡಿಮೆ ಇಲ್ಲಿ, ಮುರಗಾಂವ ಬಂದರಿನಲ್ಲಿ, ಕಾರಖಾನೆಗಳಲ್ಲಿ, ಅಂಗಡಿಗಳಲ್ಲಿ. ಹೊಲಮನೆಗಳು ಅಲ್ಲಿ, ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡದ ಸೀಮೆಯಲ್ಲಿ. ಯಜಮಾನನು ಕಣ್ಣು ಮುಚ್ಚಿದನೆಂದರೆ ಅವನ ಗಳಿಕೆಯ ಲೆಕ್ಕ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಅದನ್ನು ಕೂಡಿಸುವ ಭಾರ ಬೀಳುವುದು ಬಹುಮಟ್ಟಿಗೆ ಅವನ ಹೆಂಡತಿಯ ಮೇಲೆ. ಕನ್ನಡ ಮಾಸ್ತರರೆಂದು ನಮ್ಮಲ್ಲಿ ಅರ್ಜಿ ಬರೆಸಿಕೊಳ್ಳಲು ಬರುವ ತಾಯಂದಿರಲ್ಲಿ ಎಷ್ಟೋ ಮಂದಿಗೆ ಗಂಡನ ಹೊಲದ ಸರ್ವೇ ನಂಬರಾಗಲಿ ಬ್ಯಾಂಕಿನ ಹೆಸರಾಗಲಿ ತಿಳಿದಿರುವುದಿಲ್ಲ. ದುಃಖದ ಜೊತೆಗೆ ಈ ಕತ್ತಲೆಯನ್ನೂ ಅವರಿಗೆ ಬಿಟ್ಟುಹೋಗುವುದು ಗೃಹಸ್ಥನಿಗೆ ಧರ್ಮವಲ್ಲ.

'ದಾಯ'ವೆಂದರೆ ಹಿರಿಯರಿಂದ ಬರುವ ಧನ. ಅದನ್ನು ಪಡೆಯುವವನು 'ದಾಯಾದ'. ಈ ನಿರ್ದೋಷವಾದ ಶಬ್ದವು ಆಡುಮಾತಿನಲ್ಲಿ 'ದಾಯಾದಿ'ಯಾಗಿ ಹಗೆಗೇ ಮತ್ತೊಂದು ಹೆಸರಾಗಿಬಿಟ್ಟಿದೆ. ಮಹಾಭಾರತವೂ ಮೂಲದಲ್ಲಿ ದಾಯದ ವ್ಯಾಜ್ಯವೇ ಅಲ್ಲವೇ?

ಈ ವಿಚಾರದಲ್ಲಿ ದೇಶಕ್ಕೆ ದಾರಿ ತೋರಿದ ಗ್ರಂಥವು ಕನ್ನಡ ನಾಡಿನಲ್ಲಿ ಹುಟ್ಟಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು, ಬಂಗಾಳ ಅಸ್ಸಾಮುಗಳನ್ನುಳಿದು ಬಹುಭಾಗದಲ್ಲಿ, ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಆಧಾರವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ತತ್ತ್ವ. ಆ ಹಕ್ಕು ದೇಶದೆಲ್ಲೆಡೆ ಮಗಳಿಗೂ ದೊರೆಯಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ತಿದ್ದುಪಡಿಯ ದಿನ ತಂದೆ ಜೀವಂತನಾಗಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಹೀಗಿದ್ದೂ, ವಾಸ್ಕೋಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರನ್ನು ಊರಿನ ವಾರಸಾ ಪಟ್ಟಿಯಿಂದ ಬಿಡುವ ರೂಢಿ ಇನ್ನೂ ಅಳಿದಿಲ್ಲ. ಅದು ಅಳಿಯತಕ್ಕದ್ದು.

ನಾವು ನಿಂತಿರುವ ನೆಲದ ಕಾನೂನಾದರೋ ಬೇರೆ. ಪೋರ್ತುಗೀಜರ 1867ರ ನಾಗರಿಕ ಸಂಹಿತೆಯು 1961ರ ವಿಮೋಚನೆಯ ಅನಂತರವೂ ಗೋವೆಯಲ್ಲಿ ಉಳಿದುಕೊಂಡಿತು. ಉತ್ತರಾಧಿಕಾರದ ಭಾಗಕ್ಕೆ ಗೋವೆಯ ವಿಧಾನಸಭೆಯು 2012ರಲ್ಲಿ ಹೊಸ ಕಾಯ್ದೆ ಮಾಡಿತು. ಅದು 2016ರಲ್ಲಿ ಜಾರಿಗೆ ಬಂದಿತು. ಈ ಪದ್ಧತಿಯಲ್ಲಿ, ಮದುವೆಗೆ ಮುಂಚೆ ಬೇರೆ ಕರಾರು ಆಗಿರದಿದ್ದರೆ, ಆಸ್ತಿಯಲ್ಲಿ ಗಂಡಹೆಂಡಿರಿಬ್ಬರೂ ಸಮಪಾಲಿನವರು. ಮಕ್ಕಳುಳ್ಳವನು ತನ್ನ ಪಾಲಿನಲ್ಲಿ ಅರ್ಧವನ್ನಷ್ಟೇ ಇಚ್ಛೆಯಂತೆ ಬರೆಯಬಹುದು; ಉಳಿದರ್ಧ ಮಕ್ಕಳಿಗೆ ಮೀಸಲು. ಮೃತ್ಯುಪತ್ರಕ್ಕೆ ನೋಟರಿಯ ಸಮಕ್ಷಮವೂ ಬೇಕು. ಗೋವೆಯ ಖಾಯಂ ನಿವಾಸಿಯ ಆಸ್ತಿ ಹೊರರಾಜ್ಯದಲ್ಲಿದ್ದರೂ ಗೋವೆಯ ಕಾನೂನೇ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. ಆದಕಾರಣ ಇಲ್ಲಿಯ ಮನೆತನಗಳೊಡನೆ ಸಂಬಂಧ ಬೆಳೆಸಿದವರೂ ಇಲ್ಲಿಯೇ ಖಾಯಂ ನೆಲೆ ನಿಂತವರೂ ತಮ್ಮ ಕುಟುಂಬಕ್ಕೆ ಯಾವ ಕಾನೂನು ಸಲ್ಲುವುದೆಂಬುದನ್ನು ವಕೀಲರಿಂದ ಮೊದಲು ತಿಳಿಯಬೇಕು.

ಊರಿನ ಕಾನೂನಿಗೆ ಒಳಪಟ್ಟ ಹಿಂದೂಗಳಿಗೆ ಕ್ರಮವು ಸುಲಭ. ಸ್ವಸ್ಥಚಿತ್ತನಾದ ವಯಸ್ಕನು ತನ್ನ ಸ್ವಯಾರ್ಜಿತವನ್ನೂ ಕುಟುಂಬದ ಆಸ್ತಿಯಲ್ಲಿ ತನಗಿರುವ ಪಾಲನ್ನೂ ಯಾರಿಗೆ ಬೇಕಾದರೂ ಬರೆಯಬಹುದು. 1925ರ ಕಾಯ್ದೆಯ ಮೇರೆಗೆ ಅವನ ಸಹಿ ಇಲ್ಲವೆ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳ ಸಹಿ, ಇಷ್ಟು ಅವಶ್ಯ. ಪಾಲು ಪಡೆಯುವವರನ್ನು ಸಾಕ್ಷಿಯಾಗಿ ನಿಲ್ಲಿಸದಿರುವುದು ಲೇಸು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು. ಕನ್ನಡದಲ್ಲಿಯೇ ಬರೆಯಬಹುದು, ಇಲ್ಲಿ ನೋಂದಾಯಿಸುವುದಾದರೆ ತರ್ಜುಮೆ ಬೇಕಾದೀತು. ಏನನ್ನೂ ಬರೆಯದೆ ತೀರಿಕೊಂಡವನ ಸ್ವಯಾರ್ಜಿತವು 1956ರ ಕಾಯ್ದೆಯಂತೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಲ್ಲಿ ಸಮನಾಗಿ ಹಂಚಲ್ಪಡುವುದು.

ಒಂದು ಭ್ರಮೆಯನ್ನು ಇಲ್ಲಿ ನಿವಾರಿಸಬೇಕು. ವಿಮೆಯಲ್ಲಿಯೋ ಬ್ಯಾಂಕಿನಲ್ಲಿಯೋ ಯಾರನ್ನು ನಾಮಿನಿ ಮಾಡಿದರೂ ಹಣವು ಅವನದಾಯಿತೆಂದು ಅನೇಕರು ತಿಳಿದಿದ್ದಾರೆ. ವಿಮೆಯ ನಾಮಿನಿಯು ಹಣವನ್ನು ವಾರಸುದಾರರ ಪರವಾಗಿ ಪಡೆಯುವವನೇ ಹೊರತು ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ಹೇಳಿತು; ತಂದೆತಾಯಿ, ಹೆಂಡತಿ, ಮಕ್ಕಳು ನಾಮಿನಿಗಳಾದ ವಿಮೆಯ ಮಟ್ಟಿಗೆ ಈ ನಿಯಮವು 2015ರಲ್ಲಿ ಬದಲಾಯಿತು. ಬ್ಯಾಂಕಿನ ಠೇವಣಿಯ ವಿಷಯದಲ್ಲಿ 2010ರಲ್ಲಿ ಅದೇ ಮಾತನ್ನಾಡಿತು. ಅಣ್ಣನ ಹೆಸರನ್ನು ನಾಮಿನಿಯಾಗಿ ಬರೆಸಿ ಹೆಂಡತಿಯನ್ನು ಮರೆತವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಸಾವು ಸಂಭವಿಸಿದ ಮನೆಯವರು 21 ದಿನಗಳೊಳಗೆ ಮರಣದ ನೋಂದಣಿ ಮಾಡಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆಯಬೇಕು. ಅನಂತರ ಊರಿನಲ್ಲಿ ವಂಶವೃಕ್ಷ ಮಾಡಿಸಿ, ಹೊಲದ ಉತಾರದಲ್ಲಿ ಪೌತಿಯ ಪ್ರಕಾರ ಎಲ್ಲ ವಾರಸುದಾರರ ಹೆಸರು ಏರುವಂತೆ ಅರ್ಜಿ ಕೊಡಬೇಕು. ದಿನಕರ್ಮ ಮುಗಿಯುವ ಮೊದಲೇ ಯಾರಾದರೂ ಬರೆದ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರೆ, ಓದಿಸಿ ತಿಳಿಯದೆ ಒತ್ತಬಾರದು.

ಬಾಂಧವರೇ, ಇಂದು ಮನೆಗೆ ಹೋದವರು ಒಂದು ಹಾಳೆಯಲ್ಲಿ ಹೊಲ, ಮನೆ, ಖಾತೆ, ವಿಮೆ, ಸಾಲ ಇವಿಷ್ಟನ್ನು ಬರೆದು, ಹೆಂಡತಿಗೆ ಓದಿ ಹೇಳಿ, ಅವಳ ಕೈಯಲ್ಲಿಡಿರಿ. ಮೃತ್ಯುಪತ್ರಕ್ಕೆ ಅದೇ ಮೊದಲ ಸಾಲು. ಓದುಬಾರದ ಮನೆಯಿದ್ದರೆ ಸಂಘದ ಕನ್ನಡಬಲ್ಲ ತರುಣರು ಬರೆದುಕೊಡಲಿ. ಪರನಾಡಿನಲ್ಲಿ ನುಡಿಯನ್ನು ಉಳಿಸುವುದೆಂದರೆ, ಕಷ್ಟಕಾಲದಲ್ಲಿ ನಮ್ಮವರಿಗೆ ಆ ನುಡಿ ಒದಗುವಂತೆ ಮಾಡುವುದೂ ಆಗಿದೆ. ಇಷ್ಟನ್ನು ಅರಿಕೆ ಮಾಡಿ ವಿರಮಿಸುತ್ತೇವೆ.